ತೊಣ್ಣೂರು ಕೆರೆ, ತಲೆಕೆಳಗೆ

ಈ ಕೆರೆಯದೇ ಎಂಟು ಸಾವಿರ ಚಿತ್ರ
ಒಂದು ಡಬ್ಬಿಯೊಳಗಿವೆ, ಅಂಗೈಯಗಲದ ಡಬ್ಬಿ.
ಯಾವುದನ್ನು ನೋಡಿ ಒತ್ತಿದೆ,
ಯಾವುದನ್ನು ಒತ್ತಿ ನೋಡಿದೆ,
ಈಗ ಕೇಳಿದರೆ ಹೇಳಲಾರೆ.

ಶಿವರಾಂಪೇಟೆಯ ಮುಚ್ಚಿದ ಸ್ಟುಡಿಯೋದ ಅಟ್ಟದಿಂದ
ಫಿಲೋಮಿನಾ ಟೀಚರ್ ಇಳಿಸಿಕೊಟ್ಟರು ಈ ಪೆಟ್ಟಿಗೆ:
ತೇಗದ ಮೈ, ಹಿತ್ತಾಳೆಯ ಕೀಲು,
ಕಮ್ಮಾರನ ತಿದಿಯಂಥ ಚರ್ಮದ ಹೊಟ್ಟೆ.
"ನಮ್ಮ ಮಾವ ಇದೊಂದಕ್ಕೆ ಮಾತ್ರ ಬೈತಿರಲಿಲ್ಲ" ಎಂದರು,
ದುಡ್ಡು ಎಣಿಸಿಕೊಂಡರು, ಎರಡು ಸಲ.

ಮುಕ್ಕಾಲಿಯೂ ಸೇರಿ ವರ್ಷದ ಕೂಸಿನ ಭಾರ.
ಒಂದು ಹಾಳೆ ಫಿಲ್ಮಿಗೆ ಹತ್ತು ಕಿಲೋ ಬೆಲ್ಲದ ಬೆಲೆ.
ಮದುವೆ ಮನೆಯಲ್ಲಿ ತಾಳಿ ಕಟ್ಟುವ ಹೊತ್ತಿಗೆ
ನಾನೂರು ಸಲ ಪಟಪಟ ಎನ್ನುತ್ತಿದ್ದ ಈ ಬೆರಳು
ಇವತ್ತು ಎರಡೇ ಹಾಳೆ ತಂದಿದೆ.
ಎರಡು. ಹೋಟೆಲಿನಲ್ಲಿ ಇಡ್ಲಿ ಹೇಳಿದ ಹಾಗೆ.

ಏರಿಯ ಮೇಲೆ ನಿಂತಾಗ ಆರೂಕಾಲು.
ಹೊದೆಯಲು ಕುರುಬರ ಕರಿ ಕಂಬಳಿ;
ತಲೆಗೆ ಎಳೆದುಕೊಂಡರೆ ಕುರಿಯ ವಾಸನೆ, ಹಳೆ ಮಳೆಯ ವಾಸನೆ,
ಆಮೇಲೆ, ಕಣ್ಣು ಕತ್ತಲಿಗೆ ಒಗ್ಗಿದ ಮೇಲೆ,
ಮಸುಕು ಗಾಜಿಗೆ ಒಂದೊಂದಾಗಿ ಬಂದವು:
ಬೆಟ್ಟ, ಬಾವಲಿಯಂತೆ ಜೋತುಕೊಂಡು,
ಆಕಾಶ ಕೆಳಗೆ, ತಳದಲ್ಲಿ,
ನೀರು ಮೇಲೆ, ಮುಚ್ಚಳದ ಹಾಗೆ.
ಎಡಕ್ಕೆ ಹೊರಟ ಎಮ್ಮೆ ಬಲಕ್ಕೆ ಹೋಯಿತು.
ನನಗೆ ಗೊತ್ತಿದ್ದ ಕೆರೆ ಇದಲ್ಲ.
ಗೊತ್ತಿಲ್ಲವಲ್ಲ, ಅದಕ್ಕೇ ನೋಡಿದೆ.

ಭೂತಗನ್ನಡಿ ಇಟ್ಟು ಬಂಡೆಯ ಅಂಚು ಹುಡುಕಿದೆ.
ಹಿಂದಿನ ಹಲಗೆಯನ್ನು ಕೂದಲೆಳೆಯಷ್ಟು ಬಾಗಿಸಿದೆ;
ಕಾಲ ಬುಡದ ಜೊಂಡು ಕಣ್ಣು ಬಿಟ್ಟಿತು,
ಆಚೆ ದಡ ಮುನಿಸಿಕೊಂಡಿತು.
ಇಬ್ಬರನ್ನೂ ಒಪ್ಪಿಸುವಷ್ಟರಲ್ಲಿ
ಎಲ್ಲಿಯದೋ ಆಲೆಮನೆಯ ಹೊಗೆ
ಬೆಟ್ಟದ ಸೊಂಟಕ್ಕೆ ಅಡ್ಡ ಬಂದು ಮಲಗಿತು.
ಕಾದೆ. ಹೊಗೆಗೆ ಅವಸರವಿಲ್ಲ.
ಆ ಚಿಕ್ಕ ಕ್ಯಾಮೆರಾ ಇದ್ದಿದ್ದರೆ ಈ ಹೊತ್ತಿಗೆ
ಇನ್ನೂರು ತೆಗೆದು, ಹೊಗೆಯನ್ನೂ ತೆಗೆದು,
ಮನೆ ಸೇರಿ ಕಾಫಿ ಕುಡಿಯುತ್ತಿದ್ದೆ.

ಬಟ್ಟೆಯ ಗಂಟು ಇಳಿಸಿ ಚಿಕ್ಕತಾಯಮ್ಮ ಕೇಳಿದಳು:
"ಏನವ್ವ, ಸರ್ವೆಯೋರಾ?"
"ಅಲ್ಲಕ್ಕ, ಫೋಟೋ."
"ಎಲ್ಲಿ, ತೋರ್ಸು ಮತ್ತೆ."
"ಇನ್ನೂ ತೆಗ್ದಿಲ್ಲ."
"ಆಗ್ಲಿಂದ ನಿಂತಿದ್ದೀಯಲ್ಲವ್ವ!"
ಕಂಬಳಿ ಎತ್ತಿ ಅವಳನ್ನೇ ಒಳಗೆ ಬಿಟ್ಟೆ.
ಸ್ವಲ್ಪ ಹೊತ್ತು ಮಾತಿಲ್ಲ.
ಹೊರಗೆ ಬಿರುಕು ಹಿಮ್ಮಡಿ ಎರಡೇ ಕಾಣುತ್ತಿದ್ದವು.
ಆಮೇಲೆ ಒಳಗಿಂದಲೇ ಕೂಗಿದಳು:
"ಅಯ್ಯೋ, ನೀರು ಚೆಲ್ಲೋಯ್ತದೆ, ಹಿಡ್ಕೊಳವ್ವ!"

ಹೊಗೆ ಸರಿದದ್ದು ಏಳೂವರೆಗೆ.
ಹಾಳೆಯ ಚೌಕಟ್ಟು ತೂರಿಸಿದ ಮೇಲೆ ಗಾಜು ಕುರುಡು;
ಬರಿಗಣ್ಣಿನಲ್ಲಿ, ನೆಟ್ಟಗಿನ ಕೆರೆಯ ಎದುರು
ಉಸಿರು ಹಿಡಿದು ತಂತಿಯ ಗುಂಡಿ ಅದುಮಿದೆ.
ಅರ್ಧ ಸೆಕೆಂಡು. ಹಲ್ಲಿ ಲೊಚಗುಟ್ಟಿದಷ್ಟು ಸದ್ದು.
ಇನ್ನೊಂದು ಸಲ.
ಮುಗಿಯಿತು ಇವತ್ತಿನ ಕೆಲಸ.
"ಈಗ್ಲಾದ್ರೂ ತೋರ್ಸು" ಎಂದಳು ಸೋಪಿನ ಕೈಯವಳು.
ಪೆಟ್ಟಿಗೆಯ ಬೆನ್ನಿಗೆ ಕರಿ ತಗಡು. ಏನು ತೋರಿಸಲಿ?

ರಾತ್ರಿ ಬಚ್ಚಲುಮನೆ. ಬಾಗಿಲ ಸಂದಿಗೆ ಟವೆಲ್.
ಈ ಫಿಲ್ಮಿಗೆ ಕೆಂಪು ದೀಪವೂ ಆಗದು.
ಮೂಲೆಯ ಕಚ್ಚನ್ನು ಬೆರಳಲ್ಲೇ ಮುಟ್ಟಿ ನೋಡಿ
ದ್ರಾವಣದೊಳಗೆ ಜಾರಿಸಿದೆ, ತಟ್ಟೆ ಅಲುಗಿಸುತ್ತ ಎಣಿಸಿದೆ.
ಪಕ್ಕದ ಮನೆಯ ಬೋರ್‌ವೆಲ್ ಮೋಟರು
ಮುನ್ನೂರ ಹತ್ತರಲ್ಲಿ ಲೆಕ್ಕ ತಪ್ಪಿಸಿತು.

ಮೊದಲ ಹಾಳೆ ಬೋಳು: ಕರಿ ತಗಡು ಎಳೆಯುವುದನ್ನೇ ಮರೆತಿದ್ದೆ.
ಹತ್ತು ಕಿಲೋ ಬೆಲ್ಲ.

ಎರಡನೆಯದರಲ್ಲಿ ಕೆರೆ ಇತ್ತು.
ಕಪ್ಪು ಆಕಾಶ, ತಿಳಿಯಾದ ಬೆಟ್ಟ,
ಜೊಂಡಿನೊಳಗೆ ಕೊಕ್ಕರೆ, ಇದ್ದಲಿನ ಚೂರು.
ಮೋಡದ ನಡುವೆ ಒಂದು ಸಪೂರ ಗೆರೆ,
ಕಂಬಳಿಯ ಕುರಿಗೂದಲು.
ಹಿಂದೆ ಆಗಿದ್ದರೆ ಒಂದು ಬೆರಳಲ್ಲಿ ಒರೆಸಿಬಿಡುತ್ತಿದ್ದೆ.

ಬಟ್ಟೆಯ ಕ್ಲಿಪ್ಪು ಹಾಕಿ ತಂತಿಗೆ ನೇತುಹಾಕಿದೆ,
ಗೊತ್ತಾಗದೆ, ತಲೆಕೆಳಗಾಗಿಯೇ.
ತೊಳೆದ ನೀರಿನ ಕೊನೆಯ ಹನಿ ಜಾರಿ ಜಾರಿ
ಕೆಳಗಿನ ಮೂಲೆಗೆ ಬಂದು ನಿಂತಿತು, ಬೀಳದೆ.
ಚಿಕ್ಕತಾಯಮ್ಮನ ಮಾತು ನೆನಪಾಗಿ
ಕೆಳಗೊಂದು ಬಕೆಟ್ಟು ಇಟ್ಟೆ.