ಮೊಟ್ಟೆ ಹಾಳೆ

ದಿಬ್ಬೂರಹಳ್ಳಿ ರಸ್ತೆಯ ಖಲೀಲನ ರದ್ದಿ ಅಂಗಡಿಯಲ್ಲಿ
ತಕ್ಕಡಿಗೆ ಹಾಕುವ ಮೊದಲೇ ಎತ್ತಿಕೊಂಡೆ.
ರಟ್ಟಿಲ್ಲ, ಮೊದಲ ಎಂಟು ಪುಟವಿಲ್ಲ,
ಒಳಗೆ ರೇಷ್ಮೆ ಇಲಾಖೆಯ ನೇರಳೆ ಮೊಹರು,
ಯಾವ ಸಾಹೇಬರು ತರಿಸಿದ್ದೋ.
"ಅಕ್ಕಾ, ಅದು ಇಂಗ್ಲಿಷು, ಅಕ್ಷರ ಬೇರೆ ಸಣ್ಣ" ಅಂದ.
ಸಣ್ಣದ್ದರ ಮಾತು ನನಗೆ ಹೇಳುತ್ತಾನೆ!

ಮೂವತ್ತೊಂದು ವರ್ಷ ಈ ಕಣ್ಣು
ಶಿಡ್ಲಘಟ್ಟದ ಬಿತ್ತನೆ ಕೋಠಿಯಲ್ಲಿ
ಮೈಕ್ರೋಸ್ಕೋಪಿಗೆ ಒತ್ತಿಕೊಂಡೇ ಇತ್ತು.
ತಾಯಿಚಿಟ್ಟೆ ಹಾಳೆಯ ಮೇಲೆ ಮೊಟ್ಟೆ ಇಡುತ್ತೆ,
ನಾನೂರು, ಐನೂರು,
ಒಂದರ ಮೇಲೊಂದು ಬೀಳದ ಹಾಗೆ.
ಆಮೇಲೆ ಅವಳನ್ನು ಅರೆದು
ಒಂದು ಹನಿ ಗಾಜಿನ ಮೇಲೆ.
ಗಂಟುರೋಗದ ಕಣ ಕಂಡರೆ
(ಹೊಳೆಯುವ ಅಕ್ಕಿನುಚ್ಚು, ಅಷ್ಟೇ)
ಹಾಳೆ ಒಲೆಗೆ. ಕಾಣದಿದ್ದರೆ ರೈತರಿಗೆ.
ಚಿಟ್ಟೆ ಓದೋ ಕೆಲಸ ಅನ್ನುತ್ತಿದ್ದಳು ಮುನಿನಂಜಮ್ಮ,
ಪಕ್ಕದ ಸ್ಟೂಲಿನವಳು.

ಪುಸ್ತಕ ರೋಮಿನವನದು, ಎರಡು ಸಾವಿರ ವರ್ಷದ್ದು.
ಎಂಬತ್ತರ ಮುದುಕ. ಹೆಂಡತಿ ಹೊಲ ಕೊಂಡಳಂತೆ,
ಹೇಗೆ ಮಾಡಿಸಲಿ ಅಂತ ಕೇಳಿದಳಂತೆ,
ಕೂತು ಬರೆದ:
ಗೊಬ್ಬರದ ಗುಂಡಿ, ಎತ್ತಿನ ಲಕ್ಷಣ, ಜೇನುಪೆಟ್ಟಿಗೆ,
ನವಿಲಿನ ಮೇವು, ಬಸವನಹುಳ ಸಾಕುವ ಬಗೆ ಕೂಡ.
ಅಡಿಟಿಪ್ಪಣಿ ಹೇಳುತ್ತೆ, ಬರೆದದ್ದು ಐನೂರರ ಹತ್ತಿರ,
ಇಡಿಯಾಗಿ ಉಳಿದದ್ದು ಇದೊಂದೇ.
ಮಾತಿನ ಬಗ್ಗೆ ಇಪ್ಪತ್ತೈದು ಭಾಗ ಬರೆದಿದ್ದ,
ಅದರಲ್ಲಿ ಆರಿವೆ, ಅವೂ ಹರಕು.
ಅವನ ತಲೆಗೆ ಬೆಲೆ ಕಟ್ಟಿದ ವರ್ಷ
ಪುಸ್ತಕದ ಕೋಣೆ ಲೂಟಿಯಾಯಿತು.

ಐನೂರು!
ಬೆರಳು ಅಲ್ಲೇ ನಿಂತಿತು.
ಒಂದು ಚಿಟ್ಟೆಯ ಹಾಳೆ,
ಒಡೆದದ್ದು ಒಂದು ಮೊಟ್ಟೆ.

ಮಿಕ್ಕವು ಒಂದೊಂದು ಸಾಲಾಗಿ
ಬೇರೆಯವರ ಪುಸ್ತಕಗಳಲ್ಲಿ ಬಾಡಿಗೆಗಿವೆಯಂತೆ.
ಅದೂ ಅವನ ವಿದ್ಯೆ ಮೆಚ್ಚಿ ಅಲ್ಲ,
ಯಾರೋ ವ್ಯಾಕರಣದವನಿಗೆ
ಒಂದು ವಿಚಿತ್ರ ಬಹುವಚನ ಬೇಕಿತ್ತು,
ಆ ಪದವಿದ್ದ ವಾಕ್ಯ ಕಿತ್ತುಕೊಂಡ.
ಹಿಂದಿನದು ಹೋಯಿತು, ಮುಂದಿನದೂ.
ಯಾವ ಕತ್ತೆಯ ಮಾತೋ, ಯಾವ ದೇವರ ಮಾತೋ,
ಯಾರಿಗೂ ಗೊತ್ತಿಲ್ಲ.
ನಮ್ಮಜ್ಜಿಯೂ ಹಾಗೇ ಉಳಿದಿದ್ದಾಳೆ.
ಹುಳ ಪೊರೆ ಬಿಡುವ ಹೊತ್ತಿಗೆ ಮೇವು ಬಿಟ್ಟು
ಜ್ವರಕ್ಕೆ ಕೂರುತ್ತಲ್ಲ,
ಮುನಿಸಿಕೊಂಡ ಮಗುವಿಗೂ ನಮ್ಮ ಬೀದಿಯಲ್ಲಿ
"ಜ್ವರಕ್ಕೆ ಕೂತೈತೆ, ಮುಟ್ಟಬ್ಯಾಡ್ರಿ" ಅನ್ನುತ್ತಾರೆ.
ಅದು ಅವಳದು. ಅವಳ ಹೆಸರು ಕೇಳಿದರೆ
ನಾನೇ ಒಂದು ಗಳಿಗೆ ಯೋಚಿಸಬೇಕು.

ನಲವತ್ತೊಂದನೇ ಪುಟಕ್ಕೆ ಕನ್ನಡಕ ತೆಗೆದಿಟ್ಟೆ.
ಜವುಗಿನ ಹತ್ತಿರ ಮನೆ ಕಟ್ಟಬೇಡಿ ಅನ್ನುತ್ತಾನೆ.
ಅಲ್ಲಿ ಕಣ್ಣಿಗೆ ಕಾಣದ ಜೀವಿಗಳು ಹುಟ್ಟುತ್ತವೆ,
ಗಾಳಿಯಲ್ಲಿ ಬಂದು, ಬಾಯಿ ಮೂಗಿನಿಂದ ಒಳಹೊಕ್ಕು
ವಾಸಿಯಾಗದ ಕಾಯಿಲೆ ತರುತ್ತವೆ.
ಯಾವ ಗಾಜು ಇತ್ತಪ್ಪಾ ನಿನ್ನ ಹತ್ತಿರ?
ನೋಡದೆ ಹೇಳಿದೆ.
ನಾನು ಲಕ್ಷಗಟ್ಟಲೆ ನೋಡಿದೆ, ಬರೆದದ್ದು ಎರಡೇ ಮಾತು,
ಇದೆ. ಇಲ್ಲ. ಇಲ್ಲ. ಇಲ್ಲ. ಇದೆ.
ಉದ್ದ ರಿಜಿಸ್ಟರು, ಎಪ್ಪತ್ತಾದರೂ ಆಗಿರಬೇಕು.

ಮಾರನೇ ದಿನ ಹೋಗಿ ಕೇಳಿದೆ,
ಕೋಠಿಯ ಸಾಮಾನಿನಲ್ಲಿ ಅವೂ ಬಂದಿದ್ದವಾ ಅಂತ.
"ಹೋದ ವಾರವೇ ಬೋಂಡದ ಗಾಡಿಗಳಿಗೆ ಹೋದವಕ್ಕಾ.
ಗೀಟು ಹಾಕಿದ ದಪ್ಪ ಪೇಪರು, ಎಣ್ಣೆ ಚೆನ್ನಾಗಿ ಹೀರುತ್ತೆ."
ನಗು ಬಂತು. ನಿಜವಾಗಿಯೂ ಬಂತು.
ಬರುವಾಗ ಬಸ್ ಸ್ಟ್ಯಾಂಡಿನಲ್ಲಿ ಎರಡು ಮೆಣಸಿನಕಾಯಿ ಬಜ್ಜಿ ಕಟ್ಟಿಸಿಕೊಂಡು
ಕಾಗದ ಬಿಡಿಸಿ ನೋಡಿದೆ.
ಬೇರೆ ಯಾರದೋ ಲೆಕ್ಕ, ಸಿಮೆಂಟಿನದು.

ರಾತ್ರಿ ಕೊನೆಯ ಪುಟದವರೆಗೂ ಹುಡುಕಿದೆ.
ಆ ಹೆಂಗಸು ಇದನ್ನು ಓದಿದಳೋ ಇಲ್ಲವೋ
ಎಲ್ಲೂ ಇಲ್ಲ.
ಹೊಲ ಕೊಂಡಿದ್ದಳು,
ಅದು ಮಾತ್ರ ಇದೆ.