ಬೈತಖೋಲದ ಐಸು

ಉರಿ ಒಂದು ಪದ, ಊತ ಇನ್ನೊಂದು.
ಎರಡನ್ನೂ ಹೊಲಿದು ಒಂದೇ ಉಸಿರಿಗೆ ಹೇಳಿದವರು
ಶೇಡೆ ಮೀನಿನ ಮುಳ್ಳು ಚುಚ್ಚಿಸಿಕೊಂಡವರೇ ಇರಬೇಕು.

ಬೆಳಿಗ್ಗೆ ಎಂಟಕ್ಕೆ ವಾರ್ಡು.
ಏಳನೇ ಹಾಸಿಗೆ, ಶೇವಂತಿ ತಾಂಡೇಲ, ಐವತ್ತೆರಡು.
ಬಂಗಡೆ ಬುಟ್ಟಿಯ ಕೆಳಗೆ ಮೂವತ್ತು ವರ್ಷ
ಕೋಡಿಬಾಗ ಸುತ್ತಿದ ಮೊಣಕಾಲು.
ಮುಟ್ಟಿದರೆ ಬಿಸಿ. ಒತ್ತಿದರೆ, "ಅಗೇ ಬಾಯ್!"
ಸೂಜಿ ಇಳಿಸಿ ಎಳೆದೆ:
ಮಜ್ಜಿಗೆಯ ತಿಳಿಯಂಥ ನೀರು,
ಅರ್ಧ ಅವಳ ಚಿಕಿತ್ಸೆಗೆ, ಅರ್ಧ ನನ್ನ ಪ್ರಬಂಧಕ್ಕೆ.

ಸಹಿಗೆ ಮೊದಲೇ ಕೇಳಿದ್ದಳು, "ಇದರಿಂದ ನನಗೇನು?"
ಒಪ್ಪಿಗೆ ಪತ್ರದ ನಾಲ್ಕನೇ ಕಲಮು ಓದಿದ್ದೆ:
ನೇರ ಲಾಭವಿಲ್ಲ.
ನಕ್ಕು, ಹೆಸರನ್ನು ದೊಡ್ಡದಾಗಿ ಬರೆದಳು, ಗೆರೆ ದಾಟಿ.

ಮಧ್ಯಾಹ್ನ ಎರಡರ ಮೇಲೆ ನಾನು ಬೇರೆ ಹುಡುಗಿ.
ಸ್ಟೆತಾಸ್ಕೋಪು ಮೊಳೆಗೆ, ಕೈಗೆ ಪಿಪೆಟ್ಟು.
ಅವಳಿಗಿಲ್ಲಿ ಹೆಸರಿಲ್ಲ. ನಲವತ್ತೊಂದು.
ಬಿಳಿಕಣಗಳು ಓಡಿ ಬಂದು ಕಾದಾಡಿ ಸಾಯುವುದು ಪಠ್ಯದಲ್ಲೇ ಇದೆ;
ನನ್ನದು ಅದರಾಚೆಯ ಸಣ್ಣ ಪ್ರಶ್ನೆ.
ಜಗಳ ಮುಗಿಯಿತೆಂದು ಅವಕ್ಕೆ ಹೇಳುವವರು ಯಾರು?
ಹೆಣ ಎತ್ತುವ ಕೋಶಗಳು ಯಾಕೆ ತಡ ಮಾಡುತ್ತವೆ?
ಬೆಂಕಿ ಆರಿಸುವುದು ಬೇರೆ,
ಬೆಂಕಿ ತಾನಾಗಿ ಆರುವುದು ಬೇರೆ.
ಇದನ್ನು ಕೇಳಲು ಐದು ವರ್ಷ.
"ಉತ್ತರ ಸಿಕ್ಕರೂ ಸಿಗಬಹುದು,"
ಅನ್ನುತ್ತಾರೆ ಪೆಡ್ನೇಕರ್ ಸರ್, ಚಹಾದಲ್ಲಿ ಟೋಸ್ಟು ಅದ್ದುತ್ತ.

ಬ್ಯಾಚಿನ ವಿನುತಾ ಅಂಕೋಲೆಯಲ್ಲಿ ಬೋರ್ಡು ಹಾಕಿ ಆಯಿತು.
ಸಂಜೆಗೆ ನಲವತ್ತು ಜನ, ತಲೆಗೆರಡು ಗುಳಿಗೆ, ಎಲ್ಲರೂ ಗುಣ.
ಫೋನಿನಲ್ಲಿ ಕೇಳುತ್ತಾಳೆ, "ನಿನ್ನ ಇಲಿಗಳು ಹೇಗಿವೆ?"
ಸೌಖ್ಯ.

ಮೇ ಹದಿನೇಳರ ರಾತ್ರಿ ಟ್ರಾನ್ಸ್‌ಫಾರ್ಮರ್ ಸಿಡಿಯಿತು.
ಜನರೇಟರಿಗೆ ಡೀಸೆಲ್ ಇಲ್ಲ.
ಸೊನ್ನೆಗಿಂತ ಎಂಬತ್ತು ಕೆಳಗಿದ್ದ ಪೆಟ್ಟಿಗೆ
ಅರವತ್ತು, ನಲವತ್ತು, ಮೂವತ್ತು ಎಂದು ಮೆಟ್ಟಿಲು ಹತ್ತುತ್ತಿತ್ತು.
ಸ್ಕೂಟಿಯಲ್ಲಿ ಬೈತಖೋಲಕ್ಕೆ ಹೋದೆ.
ಐಸು ಒಡೆಯುತ್ತಿದ್ದವನು ದತ್ತಾರಾಮ,
ಏಳನೇ ಹಾಸಿಗೆಗೆ ದಿನಾ ಪೇಜೆ ತರುವ ತಮ್ಮ.
"ಯಾವ ಮೀನು?" ಅಂದ.
ಹೇಳುವಂತಿಲ್ಲ. ನಿಯಮ.
"ಮೀನಲ್ಲ," ಅಂದೆ.
ಅವನು ಮತ್ತೆ ಕೇಳಲಿಲ್ಲ. ಎರಡು ಹಿಡಿ ಸಾಣಿಕಟ್ಟೆ ಉಪ್ಪು ಎರಚಿ,
"ಬರೀ ಐಸು ಸಾಲದು. ಉಪ್ಪು ಬಿದ್ದರೇ ಅದಕ್ಕೆ ನಿಜವಾದ ಚಳಿ."
ನಾಲ್ಕು ವರ್ಷದಲ್ಲಿ ಯಾರೂ ಇಷ್ಟು ಸರಳವಾಗಿ
ನನಗೆ ಏನನ್ನೂ ಕಲಿಸಿರಲಿಲ್ಲ.

ಕರೆಂಟು ಬಂದಾಗ ನಾಲ್ಕೂಕಾಲು.
ಮೂರು ನಳಿಗೆ ಕರಗಿದ್ದವು.
ಒಂದರ ಮೇಲೆ ನನ್ನದೇ ಕೈಬರಹ: ನಲವತ್ತೊಂದು.

ಎಂಟಕ್ಕೆ ವಾರ್ಡು.
ದತ್ತಾರಾಮ ಪಂಚೆಯ ತುಂಡಿನಲ್ಲಿ ಅದೇ ಐಸು ಕಟ್ಟಿ
ಅಕ್ಕನ ಮೊಣಕಾಲಿಗೆ ಒತ್ತಿ ಕೂತಿದ್ದ.
ಬಟ್ಟೆ ಸರಿಸಿದೆ.
ಮತ್ತೆ ಊದಿತ್ತು, ಮೊದಲಿಗಿಂತ ಹೆಚ್ಚು, ತುಂಬಿ, ಹೊಳೆಯುತ್ತ.

ಒಂದು ಕ್ಷಣ, ಒಂದೇ ಕ್ಷಣ,
ನನಗೆ ಖುಷಿಯಾಯಿತು.

ಶೇವಂತಿ ನನ್ನ ಮುಖವನ್ನೇ ನೋಡುತ್ತಿದ್ದಳು.
ನಾನು ಕೈ ತೊಳೆಯಲು ಹೋದೆ.
ಬಹಳ ಹೊತ್ತು ತೊಳೆದೆ.