ಹಂಸಪಾದ

ಕೋಟೆಕಾರು ದಾಟುವಾಗ ಅವನ ಕೈ ಇನ್ನೂ ಅವನ ಮಡಿಲಲ್ಲೇ ಇತ್ತು.
ಬೀರಿಯಲ್ಲಿ ಜನ ಹತ್ತಿದರು, ಬಸ್ಸು ಒತ್ತಿತು,
ಆಮೇಲೆ ಇರಲಿಲ್ಲ.
ತಲಪಾಡಿ, ತೂಮಿನಾಡು...
ನಾನು ಎದ್ದು ಕೂಗುವಷ್ಟರಲ್ಲಿ
ಒಂದು ರಾಜ್ಯ ಮುಗಿದಿತ್ತು.
ಅವನು ಕುಂಜತ್ತೂರಿನಲ್ಲಿ ಇಳಿದ,
ಫೋನಿನಲ್ಲಿ ಯಾರಿಗೋ ಮೀನಿನ ರೇಟು ಕೇಳುತ್ತ.

ಶುರುವಾದದ್ದು ಎಲ್ಲಿ, ಉಳ್ಳಾಲದವರು ಕೇಳಿದರು,
ಗೇಟಿನ ಆಚೆಯೋ ಈಚೆಯೋ?
ಕೈಗೆ ಮೈಲಿಗಲ್ಲು ಇರುತ್ತದಾ ಸಾರ್
ಎಂದು ಕೇಳಬೇಕಿತ್ತು. ಕೇಳಲಿಲ್ಲ.
ಟಿಕೆಟ್ ಕೊಟ್ಟೆ. ತಿರುಗಿಸಿ ನೋಡಿ
"ಹೊಸಂಗಡಿಗಲ್ಲವಾ, ಮಂಜೇಶ್ವರದಲ್ಲಿ ಕೊಡಿ."

ರಾತ್ರಿ ಅಮ್ಮ ಬಾಗಿಲು ಹಾಕಿ ಬಂದು ಹೇಳಿದಳು,
ಬುಡು ಮಗಾ.
ಬಿಡು, ಬುಡು, ವಿಡು:
ಈ ಒಂದು ಮಾತಿಗೆ ನಮ್ಮಲ್ಲಿ ಗಡಿಯೇ ಇಲ್ಲ.

ಸ್ಮಿಜಾ ಎಂದು ಎದೆಯ ಮೇಲೆ ಬರೆದಿದ್ದ ಪೊಲೀಸಮ್ಮ
ಫ್ಯಾನನ್ನು ನನ್ನ ಕಡೆ ತಿರುಗಿಸಿದಳು.
ಕನ್ನಡದಲ್ಲಿ ಹೇಳಿದೆ. ಕೆಲವನ್ನು ತುಳುವಿನಲ್ಲಿ,
ಮೈಯ ಆ ಭಾಗಗಳ ಬಗ್ಗೆ ನಾನು
ಕನ್ನಡದಲ್ಲಿ ಯಾರೊಡನೆಯೂ ಮಾತಾಡಿದವಳಲ್ಲ.
ಅವಳು ಮಲಯಾಳದಲ್ಲಿ ಬರೆದಳು,
ದುಂಡಗೆ, ಒಂದು ಗೀರೂ ಇಲ್ಲದೆ.

ನಾನು ಪ್ರೂಫ್ ನೋಡುವವಳು.
ಹಂಪನಕಟ್ಟೆಯ ಪ್ರೆಸ್ಸಿನಲ್ಲಿ ಹನ್ನೊಂದು ವರ್ಷ.
ಮದುವೆ ಕಾಗದದಲ್ಲಿ ವರನ ಇನಿಶಿಯಲ್ ತಪ್ಪಿದರೆ
ಕಾಮತರು ಕೂಗುವುದು "ಎಲ್ಲಿ ಆ ವಾರಿಜಾಕ್ಷಿ?" ಎಂದೇ.
ಒತ್ತಕ್ಷರ, ದೀರ್ಘ, ಬಿಟ್ಟುಹೋದ ಸೊನ್ನೆ,
ನನ್ನ ಕಣ್ಣಿಗೆ ಮೊದಲು ತಾಗುವುದೇ ತಪ್ಪು.
ಈ ಮೂರು ಪುಟದಲ್ಲಿ
ನನ್ನ ಹೆಸರು ಎಲ್ಲಿದೆ ಅಂತಲೂ ಗೊತ್ತಾಗಲಿಲ್ಲ.

ಓದಿ ಹೇಳಿ ಎಂದೆ. ಓದಿದಳು:
ಮೋಶಮಾಯಿ ಪೆರುಮಾರಿ.
ಮೋಸ ಅಂತ ನಾನು ಹೇಳಲೇ ಇಲ್ಲ ಮೇಡಂ,
ಮೋಸ ಮಾಡಲು ಅವನು ನನಗೆ ಯಾರು?
ನಕ್ಕಳು, ಕೆಟ್ಟ ನಗೆಯೇನಲ್ಲ.
"ಆ ಮೋಸ ಅಲ್ಲಪ್ಪಾ. ಕೆಟ್ಟದಾಗಿ ನಡೆದುಕೊಂಡ, ಹಾಗೆ."

ನಡೆದುಕೊಂಡ.
ಚಿಲ್ಲರೆ ಕೊಡದ ಕಂಡಕ್ಟರ್ ಕೆಟ್ಟದಾಗಿ ನಡೆದುಕೊಳ್ಳುತ್ತಾನೆ.
ಕುಡಿದ ದಿನ ನಮ್ಮ ಭಾವ.
ಕೈ ಎಲ್ಲಿ ಮೇಡಂ? ಈ ಸಾಲಿನಲ್ಲಿ ಕೈ ಎಲ್ಲಿದೆ,
ತೋರಿಸಿ.

ಬೆರಳಿಟ್ಟು ಹುಡುಕಿದಳು. ಬೆರಳು ಒಂದು ಕಡೆ ನಿಂತಿತು.
ಗಡಿಯಾರ ನೋಡಿದಳು, ನನ್ನನ್ನು ನೋಡಿದಳು,
ಸಹಿಗೆಂದು ಪೆನ್ನು ಸರಿಸಿದಳು.

ಆ ಬೆರಳು ನಿಂತಲ್ಲಿ,
ಎರಡು ದುಂಡು ಪದಗಳ ನಡುವೆ
ಒಂದು ಹಂಸಪಾದ ಹಾಕಿದೆ.
ಮೇಲೆ, ಸಾಲುಗಳ ನಡುವಿನ ಬಿಳಿಯಲ್ಲಿ,
ಕನ್ನಡ ಅಕ್ಷರದಲ್ಲಿ ತುಳುವಿನ ಆ ಪದವನ್ನೇ ಬರೆದೆ.
ಯಾವ ಕೈ. ಎಲ್ಲಿ. ಎಷ್ಟು ಹೊತ್ತು.
ಗ್ಯಾಲಿಯ ಅಂಚಿನಲ್ಲಿ ಬರೆದು ಅಭ್ಯಾಸವಾದ ಕೈ,
ಜಾಗ ಸಾಕಾಯಿತು.

"ಅಯ್ಯೋ, ಹಾಗೆಲ್ಲ ತಿದ್ದುವಂತಿಲ್ಲ."
ತಿದ್ದಲಿಲ್ಲ ಮೇಡಂ, ಬಿಟ್ಟುಹೋಗಿತ್ತು.

ಒಳಗೆ ಸಾಹೇಬರ ಫೋನು ಬಡಕೊಳ್ಳುತ್ತಲೇ ಇತ್ತು.
ಯಾರೂ ಎತ್ತಲಿಲ್ಲ.
ತುಂಬ ಹೊತ್ತಿನ ಮೇಲೆ ಸ್ಮಿಜಾ
ಹಂಸಪಾದದ ಪಕ್ಕ ತನ್ನ ಚಿಕ್ಕ ಸಹಿ ಹಾಕಿದಳು,
ತಾರೀಕು ಸಮೇತ.

ಒಂದು ಪ್ರತಿ ಚೀಲದಲ್ಲಿದೆ, ಬುತ್ತಿಯ ಅಡಿಯಲ್ಲಿ.
ಮೂಲೆಗೆ ಆಗಲೇ ಸಾರು ತಾಗಿದೆ.
ಆರು ಇಪ್ಪತ್ತರ ಬಸ್ಸು
ಇವತ್ತೂ ಹತ್ತಬೇಕು.